ಮೂಸಿ ನೋಡಿ, ಆಮೇಲೆ ಎಸೆಯಿರಿ

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೭.೧೦

ಕಸದ ಬುಟ್ಟಿ ತೂಗಿ ಆಯಿತು. ಆಹಾರ — ನಲವತ್ತು ಗ್ರಾಂ. ಅದೂ ಮಗಳು ಪುಟ್ಟಿ ಕಚ್ಚಿ ಬಿಟ್ಟ ಸೇಬಿನ ದಿಂಡು, ಒಂದು ತುಂಡು ಬ್ರೆಡ್ಡು. ಎರಡು ತಿಂಗಳ ಹಿಂದೆ ದಿನಕ್ಕೆ ಮುನ್ನೂರು ಗ್ರಾಂ ಇರುತ್ತಿತ್ತು. ಇವರು ನಗುತ್ತಾರೆ: "ಬೇರೆಯವ್ರು ಚಿನ್ನ ತೂಗ್ತಾರೆ, ನೀನು ಕಸ ತೂಗು."

ಆಹಾರ ಚೆಲ್ಲುವುದನ್ನು ತಗ್ಗಿಸುವ ನಮ್ಮ ಆಫೀಸಿನ ಟ್ರಯಲ್‌ನಲ್ಲಿ ಮೂವತ್ತು ಮನೆ. ನಮ್ಮದು ಮೂವತ್ತೊಂದನೆಯದು, ನಾನೇ ತೂರಿಸಿದ್ದು. ನಾನು ಆಹಾರ ತುಂಬುವ ಪೌಚ್ ಡಿಸೈನ್ ಮಾಡಿದರೆ ಸಾಕಿತ್ತು. ಆದರೆ ಸ್ವಂತ ಅಡುಗೆಮನೆಯಲ್ಲಿ ನಡೆಯದ್ದನ್ನು ಊರಿಗೆ ಹೇಗೆ ಮಾರುವುದು?

ಮಾರ್ಚ್ ೫, ಬುಧವಾರ. ಊಟದ ಹೊತ್ತು

ಚಿಕನ್ ಸೂಪಿನ ಪೌಚ್ ಫೈನಲ್. ತೆಳು ಪದರ, ತೆರೆದು ಮುಚ್ಚುವ ಜಿಪ್. ಟ್ರಯಲ್ ಮನೆಗಳಿಗೆ ಕೊಟ್ಟದ್ದರಂತೆಯೇ, ಇಂಥ ದಿನದೊಳಗೆ ಬಳಸಿ ಎಂಬ ತಾರೀಕು ಇಲ್ಲ! ಆ ಜಾಗದಲ್ಲಿ ನನ್ನ ಸಾಲು: "ಮೂಸಿ ನೋಡಿ, ಆಮೇಲೆ ಎಸೆಯಿರಿ." ಜನ ತಾರೀಕು ನೋಡಿ ಒಳ್ಳೆಯದನ್ನೂ ಚೆಲ್ಲುತ್ತಾರೆ. ಪೌಚಿನ ಪ್ಲಾಸ್ಟಿಕ್ಕಿಗಿಂತ ಒಳಗಿನ ಸೂಪು ವ್ಯರ್ಥವಾದರೆ ಭೂಮಿಗೆ ದೊಡ್ಡ ಪೆಟ್ಟು. ಕೋಳಿಗೆ ಹಾಕಿದ ಕಾಳು, ನೀರು, ಲಾರಿ, ಫ್ರಿಜ್ಜು... ಎಲ್ಲವೂ ಅದರ ಜೊತೆ ಕಸಕ್ಕೆ. ಇದನ್ನು ನಾನು ನಂಬುತ್ತೇನೆ.

ಸಾಲಿನ ಹೊಳಹು ಕೊಟ್ಟವರು ಅತ್ತೆ. ತಾರೀಕು ಕಂಡರೆ ಅವರಿಗೆ ಆಗದು. "ಮೂಗಿರೋದ್ಯಾಕೆ? ಕನ್ನಡಕ ಇಡೋಕಾ?" ಮನೆಯಲ್ಲಿ ಯಾವ ಡಬ್ಬಿ ತೆರೆದರೂ ಮೊದಲು ಅವರ ಮೂಗಿನ ಮುಂದೆ ಹೋಗಿ ಪಾಸಾಗಬೇಕು.

ಗ್ರಾಂ ಸಾಹೇಬರು ಎದ್ದು ನಿಂತು ಕೈ ಕುಲುಕಿದರು. ಬಾಸ್‌ಗೆ ನಾವಿಟ್ಟ ಹೆಸರು ಅದು, ಅರ್ಧ ಗ್ರಾಂ ಉಳಿದರೂ ಕುಣಿಯುತ್ತಾರೆ. ಇಪ್ಪತ್ತೊಂದಕ್ಕೆ ಪ್ರಿಂಟಿಂಗ್. ಎರಡು ಲಕ್ಷ ಪೌಚು. ಖುಷಿಯಾಗಬೇಕಿತ್ತು, ಪ್ರೂಫನ್ನು ನಾಲ್ಕನೇ ಸಲ ಓದುತ್ತಿದ್ದೇನೆ. ನನ್ನ ಹೆದರಿಕೆಗೆ ಕಾರಣ ಬೇಕಾಗಿಲ್ಲ, ಅದು ಹುಟ್ಟುಗುಣ.

ಮಾರ್ಚ್ ೯, ಭಾನುವಾರ

ಹಾಲು ತಳ ಹಿಡಿಯಿತು. ಕರಕಲು ವಾಸನೆ ಬಾಲ್ಕನಿವರೆಗೂ. ಓಡಿ ಬಂದರೆ ಅತ್ತೆ ಒಲೆಯ ಪಕ್ಕದಲ್ಲೇ ಬಟಾಣಿ ಸುಲಿಯುತ್ತ ಕೂತಿದ್ದಾರೆ. "ಏನೋ ಯೋಚ್ನೇಲಿದ್ದೆ ಕಣೇ." ವಯಸ್ಸಾಯಿತು, ಪಾಪ. ಬುಟ್ಟಿ — ಹನ್ನೆರಡು ಗ್ರಾಂ.

ಮಾರ್ಚ್ ೧೪, ಶುಕ್ರವಾರ. ಆಸ್ಪತ್ರೆ. ಮಧ್ಯಾಹ್ನ ೩

ಪುಟ್ಟಿಗೆ ಡ್ರಿಪ್ ಹಾಕಿದ್ದಾರೆ. ಬೆಳಿಗ್ಗೆಯಿಂದ ವಾಂತಿ, ಭೇದಿ, ಮೈಯೆಲ್ಲ ಕೆಂಡ. ನಾಲ್ಕು ವರ್ಷದ ಕೈ. ನರ ಸಿಗಲೇ ಇಲ್ಲ, ನರ್ಸ್ ಮೂರು ಕಡೆ ಚುಚ್ಚಿದರು. ಡಾಕ್ಟರ್ ಕೇಳಿದರು, ಏನು ತಿಂದಿದ್ದಳು? ಸೂಪು. ಯಾವತ್ತಿನ ಪೌಚು? ಗೊತ್ತಿಲ್ಲ. ಅದರ ಮೇಲೆ ತಾರೀಕಿಲ್ಲ.

ಬಟ್ಟೆ ತರಲು ಮನೆಗೆ ಹೋದಾಗ ಫ್ರಿಜ್ಜಿನಲ್ಲಿದ್ದ ಆ ಪೌಚಿನ ಜಿಪ್ ಎಳೆದೆ. ತಕ್ಷಣ ಮುಚ್ಚಿದೆ. ಆ ವಾಸನೆಗೆ ನಾಯಿಯೂ ಬಾಯಿ ಹಾಕಲಿಕ್ಕಿಲ್ಲ.

ನಿನ್ನೆ ಬುಟ್ಟಿ ಸೊನ್ನೆ ಗ್ರಾಂ. ಸೊನ್ನೆ ಬಂತೆಂದು ಗ್ರಾಂ ಸಾಹೇಬರಿಗೆ ಫೋಟೋ ಕಳಿಸಿದ್ದೆ. ಚೆಲ್ಲಬೇಕಾದದ್ದು ನನ್ನ ಮಗಳ ಹೊಟ್ಟೆಗೆ ಹೋಗಿತ್ತು.

ಮಾರ್ಚ್ ೧೫. ಬೆಳಿಗ್ಗೆ

ಜ್ವರ ಇಳಿದಿದೆ. ಎರಡು ಚಮಚ ನೀರು ಕುಡಿದಳು, ಹೊಟ್ಟೆಯಲ್ಲಿ ನಿಂತಿತು.

ಕಾರಿಡಾರಿನಲ್ಲಿ ಅತ್ತೆ. ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ನಾನು ಏನೂ ಕೇಳಿರಲಿಲ್ಲ.

"ಆ ಹೊಸ ವರ್ಷದ ಜ್ವರ ಬಂತಲ್ಲ, ಆಗ್ಲೇ ಹೋಯ್ತು ಕಣೇ ಮೂಗು. ಏನೂ ಗೊತ್ತಾಗಲ್ಲ."

"ಮತ್ತೆ ದಿನಾ ಮೂಸ್ತಿದ್ರಲ್ಲ?"

"ಮೂಸ್ತಿದ್ದೆ. ತಲೆ ಆಡಿಸ್ತಿದ್ದೆ. ಆ ಮನೇಲಿ ನಂಗಂತ ಉಳಿದಿದ್ದ ಕೆಲಸ ಅದೊಂದೇ. ಅದೂ ಇಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ."

ಬೈಯಲಾಗಲಿಲ್ಲ. ಹೊಸ ವರ್ಷದ ಜ್ವರ. ಟ್ರಯಲ್ ಶುರುವಾದದ್ದೂ ಜನವರಿಯಲ್ಲೇ. ಹಾಗಾದರೆ ನಾನು ತೂಗಿ ಬೀಗಿದ ಅಷ್ಟೂ ದಿನಗಳ ಗ್ರಾಂ... ಕೆಟ್ಟದ್ದನ್ನೂ ತಿಂದು ಉಳಿಸಿದ್ದೇ?

ಮಾರ್ಚ್ ೧೭, ಸೋಮವಾರ. ಬೆಳಿಗ್ಗೆ ೧೧

ಪುಟ್ಟಿ ನಿನ್ನೆ ಮನೆಗೆ ಬಂದಳು. ಆಫೀಸಿಗೆ ಬಂದವಳೇ ತಾರೀಕು ವಾಪಸ್ ಹಾಕೋಣ ಎಂದೆ. ಗ್ರಾಂ ಸಾಹೇಬರು ಕನ್ನಡಕ ತೆಗೆದರು.

"ಒಂದು ಮನೆ ಮಾತು ಕಟ್ಕೊಂಡು ಎರಡು ಲಕ್ಷ ನಿಲ್ಲಿಸೋಕಾಗುತ್ತಾ? ಮೂವತ್ತು ಮನೆ ರಿಪೋರ್ಟ್ ಇದೆಯಮ್ಮ. ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ಮಾಡಿಲ್ಲವೇ? ಸೀಟಿಗೆ ಬಂದು ಫಾರಂಗಳನ್ನೆಲ್ಲ ತೆರೆಯುತ್ತಿದ್ದೇನೆ. ಇಷ್ಟು ದಿನ ನಾವು ನೋಡಿದ್ದು ಗ್ರಾಂ ಕಾಲಂ ಮಾತ್ರ. ಕೊನೆಯಲ್ಲಿ 'ಷರಾ' ಎಂಬ ಕಾಲಂ ಇದೆ. ಅದನ್ನು ಇಟ್ಟವಳೂ ನಾನೇ, ಓದದವಳೂ ನಾನೇ.

೧೨.೩೦

ಎಲ್ಲ ಮನೆಯಲ್ಲೂ ಅಷ್ಟೋ ಇಷ್ಟೋ ಕಸ. ಹತ್ತೊಂಬತ್ತನೆಯ ಮನೆ ಮಾತ್ರ ಮೂರು ವಾರದಿಂದ ಸೊನ್ನೆ. ಒಬ್ಬರೇ ಇರುವ ಪೇಂಟರ್. ನಲವತ್ತು ವರ್ಷ ಬಣ್ಣ, ಟರ್ಪೆಂಟೈನ್ ಕುಡಿದ ಮೂಗು. ಕಳೆದ ವಾರದ ಅವರ ಷರಾ, ಫೋನಿನಲ್ಲೇ ತುಂಬಿದ್ದು:

ಮಂಗಳವಾರ — ಸೊನ್ನೆ. ಸೂಪು ಚೆನ್ನಾಗಿದೆ.

ಬುಧವಾರ — ಸೊನ್ನೆ. ಹೊಟ್ಟೆ ಸರಿ ಇಲ್ಲ. ಆದ್ರೂ ಚೆಲ್ಲಿಲ್ಲ.

ಗುರುವಾರ — ಸೊನ್ನೆ. ಏಳೋಕಾಗ್ತಿಲ್ಲ. ಮೇಡಂಗೆ ಹೇಳಿ, ರೆಕಾರ್ಡ್ ಮುರಿದಿಲ್ಲ.

ಶುಕ್ರವಾರ ಖಾಲಿ. ಶನಿವಾರ ಖಾಲಿ. ನಿನ್ನೆಯೂ.

ಅವರ ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. ಪ್ರೆಸ್ಸಿಗೆ ಫೋನ್ ಮಾಡಿ ಪೌಚಿನ ಪ್ರಿಂಟಿಂಗ್ ಪ್ಲೇಟ್ ಮಾಡುವುದನ್ನು ನಿಲ್ಲಿಸಿ ಎಂದೆ, ಸಾಹೇಬರ ಹೆಸರು ಹೇಳಿ. ಕೆಲಸ ಹೋಗುತ್ತದೆ. ಹೋಗಲಿ. ಅವರ ಮನೆಗೆ ಹೊರಟೆ, ಆಟೋ ಬಂತು.

೧.೨೫. ಮೂರನೇ ಮಹಡಿ

ಬೆಲ್ ಒತ್ತಿ ಒತ್ತಿ ಬೆರಳು ನೋಯುತ್ತಿದೆ. ಆಂಬುಲೆನ್ಸಿಗೆ ಹೇಳಿದ್ದೇನೆ, ಇಪ್ಪತ್ತು ನಿಮಿಷವಂತೆ. ಎದುರು ಮನೆಯಾಕೆ ಹೇಳಿದರು, "ಗುರುವಾರದಿಂದ ಕಂಡಿಲ್ಲ. ಎಲ್ಲೋ ಕೆಲ್ಸಕ್ಕೆ ಹೋಗಿರ್ಬೇಕು ಅಂದ್ಕೊಂಡೆ." ಮಾಲೀಕರ ಮನೆಯಿಂದ ಕೀಲಿ ತರಲು ಓಡಿದ್ದಾರೆ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಸುಮ್ಮನೆ ಕಾಯಲಾಗುತ್ತಿಲ್ಲ. ಮತ್ತೆ ಅವರ ನಂಬರ್ ಒತ್ತಿದೆ. ಬಾಗಿಲ ಆಚೆ, ಇಲ್ಲೇ, ತೋಳಳತೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ. ಬಾಗಿಲವರೆಗೆ ಬಂದಿದ್ದರೇ?

ಆಕೆ ಬಂದರು. ಕೀಲಿ ನನ್ನ ಕೈಗೇ ಹಾಕಿದರು. "ನೀವೇ ತೆಗೀರಿ, ನಂಗಾಗಲ್ಲ."

ತಿರುಗಿತು. ಆದರೆ ಬಾಗಿಲು ಒಳಕ್ಕೆ ಹೋಗುತ್ತಿಲ್ಲ, ಹಿಂದೆ ಏನೋ ಅಡ್ಡ. ಸಂದಿಯಲ್ಲಿ ಬಣ್ಣ ಹತ್ತಿದ ಒಂದು ಕೈ, ಅದರ ಪಕ್ಕ ಫೋನ್.