ಹದಿನಾಲ್ಕನೆಯ ಟೊಪ್ಪಿಗೆಯವನ ದೂರು

ಸಮಸ್ತ ಮಿದುಳುಗಳ ಒಳಹೊರಗನ್ನು ಬಲ್ಲ, ತಂತಿ ಟೊಪ್ಪಿಗೆಗಳ ಮಹಾರಾಣಿಯಾದ ಡಾಕ್ಟರ್ ಮೊಂತೊಲಿಯು ಅವರ ದಿವ್ಯ ಸನ್ನಿಧಾನಕ್ಕೆ,

ಒಬ್ಬರ ಮೇಲೊಬ್ಬರು ನಿಂತು ಕಟ್ಟುವ ನಮ್ಮ ಗೋಪುರದ ಬುಡದಲ್ಲಿ ಜನ ಒತ್ತಿಕೊಂಡು ನಿಂತಾಗ, ಎಲ್ಲರ ತಲೆಯಲ್ಲೂ ‘ನಾನು’ ಕರಗಿ ‘ನಾವು’ ಆಗುತ್ತದೆಂದು ತಾವು ನಮ್ಮ ತಲೆಗಳಿಗೆ ತಂತಿ ಟೊಪ್ಪಿಗೆ ತೊಡಿಸಿ, ಯಂತ್ರದಲ್ಲಿ ಅಳೆದು ಕಂಡುಹಿಡಿದಿರಿ. ಬಹಳ ಸಂತೋಷ. ಆದರೆ ಹದಿನಾಲ್ಕನೆಯ ಟೊಪ್ಪಿಗೆಯವನಲ್ಲಿ ಮಾತ್ರ ಕರಗಲಿಲ್ಲವೆಂದು ವರದಿಯಲ್ಲಿ ಏಕೆ ಬರೆದಿರಿ? ಆ ಪಾಪಿ ನಾನೇ.

ತಂಡದ ನಾಯಕಿ ರೆಮೇಯ್ ಅಕ್ಕ ಅದನ್ನು ಎಲ್ಲರೆದುರು ಓದಿದರು. “ಬರ್ನಾತ್, ನಿನ್ನ ತಲೇಲಿ ನೀನೊಬ್ಬನೇ ಇದೀಯಂತಲ್ಲೋ. ಇನ್ಮೇಲೆ ಬುಡಕ್ಕೆ ನೀನು ಬೇಡಪ್ಪ” ಅಂದರು.

“ಅಕ್ಕಾ, ಮೂರು ವರ್ಷದಲ್ಲಿ ನನ್ನ ಹೆಗಲಿಂದ ಯಾರಾದ್ರೂ ಬಿದ್ದಿದಾರಾ?”

“ಅದು ಅಕ್ಕಪಕ್ಕದವರ ಪುಣ್ಯ ಕಣೋ.”

ಈಗ ನನಗೆ ಉಳಿದಿರುವುದು ಹತ್ತುವವರ ಸೊಂಟಕ್ಕೆ ಕಪ್ಪು ಪಟ್ಟಿ ಬಿಗಿಯುವ ಕೆಲಸ. ಭಾನುವಾರ ಊರಹಬ್ಬ. ಅಷ್ಟರೊಳಗೆ ದಯವಿಟ್ಟು ಇನ್ನೊಮ್ಮೆ ಪರೀಕ್ಷಿಸಿ, ಇಲ್ಲವೇ ಯಂತ್ರ ಕೆಟ್ಟಿತ್ತೆಂದು ಎರಡು ಸಾಲು ಬರೆದುಕೊಡಿ.

ತಮ್ಮ ಪಾದಧೂಳಿ,
ಬರ್ನಾತ್

ಮರೆತಿದ್ದೆ: ಯಂತ್ರ ಕೆಟ್ಟಿರಲಿಲ್ಲ. ಆ ದಿನ ನಮ್ಮ ತಂಡದ ಕೆರಾಲ್ತ್ ನನ್ನ ಹೆಗಲು ತುಳಿದು ಮೇಲೆ ಹತ್ತಿದಳು. ಅಷ್ಟೊಂದು ಹೆಗಲುಗಳ ನಡುವೆ ಇದು ನನ್ನದೆಂದು ಅವಳಿಗೆ ಗೊತ್ತಾಗಲಿ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.