ಮನೆಗೆ ತಂದ ಕೊನೆಯುಸಿರು ಇನ್ನೂ ಮುಗಿದಿಲ್ಲ

ತಾಯ್‌ನಾನ್ ಊರಿನ ದೊಡ್ಡಾಸ್ಪತ್ರೆಯ ಉಸಿರಾಟ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ, ನಾನು ಸತ್ತಿಲ್ಲ. ಈ ವಿಷಯದಲ್ಲಿ ತಮ್ಮ ವಿಭಾಗಕ್ಕೆ ಭಿನ್ನಾಭಿಪ್ರಾಯವಿದೆ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಅಧ್ಯಯನದ ಪ್ರಕಾರ ನಾನು ಕಳೆದ ಚಳಿಗಾಲದಲ್ಲೇ ತೀರಿಕೊಂಡವಳು. ನನ್ನ ಪ್ರಕಾರ ಇವತ್ತು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನುಗಂಜಿ ಮಾರಿ, ಶುಂಠಿ ಸಾಲದು ಎಂದ ಗಿರಾಕಿಗೆ ಬೀದಿಗೆಲ್ಲ ಕೇಳುವಂತೆ ಉತ್ತರ ಕೊಟ್ಟು ಬಂದವಳು. ನಮ್ಮಿಬ್ಬರಲ್ಲಿ ಯಾರೋ ಒಬ್ಬರು ತಪ್ಪಿರಬೇಕು. ಓದಿದವರು ನೀವು, ಒಪ್ಪಿದೆ. ಆದರೆ ಉಸಿರಾಡುತ್ತಿರುವವಳು ನಾನಲ್ಲವೇ?

ತಮಗೆ ಸಾವಿರ ರೋಗಿಗಳು, ನನ್ನ ನೆನಪಿರಲಿಕ್ಕಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿ ತಮ್ಮ ತೀವ್ರ ನಿಗಾ ಘಟಕಕ್ಕೆ ಬಂದವಳು ನಾನು. ಬಾಯೊಳಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿದಿರಿ. ಒಮ್ಮೆ ಕೊಳವೆ ತೆಗೆದಾಗ ನಾನು ಉಸಿರಿಗಾಗಿ ಬಾತುಕೋಳಿಯಂತೆ ಬಾಯಿಬಿಟ್ಟೆನೆಂದು ಮತ್ತೆ ಹಾಕಿದಿರಿ. ಆಗ ತಮ್ಮ ಸಂಶೋಧನೆಯವರು ಬಂದು ನನ್ನ ಮಗ ಯೆನ್-ಕಾಂಗ್‌ನ ಒಪ್ಪಿಗೆ ಕೇಳಿದರು. ಮುಂದಿನ ಸಲ ಕೊಳವೆ ತೆಗೆದ ಕೂಡಲೇ ಕೆಲವರ ಮುಖಕ್ಕೆ ಗಾಳಿ ಒತ್ತುವ ಬಿಗಿ ಮುಖವಾಡ, ಇನ್ನು ಕೆಲವರ ಮೂಗಿಗೆ ಬರೀ ಆಮ್ಲಜನಕ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದಂತೆ. ನನಗೆ ಮುಖವಾಡ ಬಂತು. ಅದನ್ನು ಹಾಕುವ ಮೊದಲೇ ಜ್ವರ ಏರಿತು, ಮೂತ್ರಪಿಂಡ ಮುಷ್ಕರ ಹೂಡಿತು. ಡಾಕ್ಟರು ನನ್ನ ಮಗನನ್ನು ಕಾರಿಡಾರಿಗೆ ಕರೆದು ಇನ್ನು ಉಳಿಯುವುದಿಲ್ಲವೆಂದು ತಲೆಯಾಡಿಸಿದರು.

ಆಮೇಲೆ ನಮ್ಮವರು ಮಾಡುವುದೇನೆಂದು ತಮಗೆ ಗೊತ್ತು. ಮನೆಯ ಹೊರಗೆ ಪ್ರಾಣ ಬಿಟ್ಟವರು ಪ್ರೇತವಾಗಿ ಅಲೆಯುತ್ತಾರೆ. ಅದಕ್ಕೇ ಒಂದು ಗುಟುಕು ಉಸಿರು ಉಳಿಸಿಕೊಂಡು ಮನೆಗೆ ಒಯ್ಯಬೇಕು. ತಮ್ಮ ಉಸಿರಾಟ ಚಿಕಿತ್ಸಕಿ ಜ್ಯೆನ್ ಆಂಬುಲೆನ್ಸಿನಲ್ಲಿ ನನ್ನ ತಲೆಯ ಬಳಿ ಕೂತು ರಬ್ಬರ್ ಚೀಲ ಒತ್ತುತ್ತಾ ಗಾಳಿ ಕೊಡುತ್ತಿದ್ದಳು. ಪಕ್ಕದಲ್ಲಿ ಯೆನ್-ಕಾಂಗ್, ಆತ್ಮ ದಾರಿ ತಪ್ಪಬಾರದೆಂದು, ಸೇತುವೆ ಬಂದಾಗಲೆಲ್ಲ ಕೂಗುತ್ತಿದ್ದ: “ಅಮ್ಮಾ, ಸೇತುವೆ ಬಂತು! ದಾಟ್ತಾ ಇದೀವಿ! ಹಿಂದೆ ಉಳ್ಕೋಬೇಡಮ್ಮ!” ನನಗೆ ಎಲ್ಲವೂ ಕೇಳಿಸುತ್ತಿತ್ತು. ಆಸ್ಪತ್ರೆಯಿಂದ ನಮ್ಮ ಮನೆಗೆ ಇರುವುದು ಒಂದೇ ಸೇತುವೆ. ಎರಡನೆಯದು ಬಂತೆಂದಾಗಲೇ ನನಗೆ ಗೊತ್ತಾಯಿತು, ಡ್ರೈವರ್ ಸುತ್ತುದಾರಿ ಹಿಡಿದಿದ್ದಾನೆಂದು. ಬಾಯಲ್ಲಿ ಕೊಳವೆ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಬೈಯಲಾಗದೆ ಮಲಗಿದ್ದೆ, ಮಾನ್ಯರೇ. ಸಾವಿನ ಭಯಕ್ಕಿಂತ ಅದೇ ಹೆಚ್ಚು ಸಂಕಟವಾಗಿತ್ತು.

ಮನೆಯ ನಡುಕೋಣೆಯಲ್ಲಿ ಹಲಗೆ ಹಾಸಿ ಮಲಗಿಸಿದರು. ಸಾವು ಕಣ್ಣಿಗೆ ಬೀಳಬಾರದೆಂದು ದೇವರಿಗೆ ಕೆಂಪು ಬಟ್ಟೆ ಮುಚ್ಚಿದ್ದರು. ಶವಸಂಸ್ಕಾರದವನು ಆಗಲೇ ಬಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದ. ಜ್ಯೆನ್ ಕೊಳವೆ ಎಳೆದಳು. ಎಳೆದವಳೇ ಮನೆಯಲ್ಲಿ ಬಳಸುವ ಸಣ್ಣ ಯಂತ್ರಕ್ಕೆ ಮುಖವಾಡ ಜೋಡಿಸಿ ನನ್ನ ಮುಖಕ್ಕೆ ಬಿಗಿದಳು.

“ಇದೆಲ್ಲ ಯಾಕಮ್ಮಾ ಇನ್ನೂ?” ಎಂದು ಯೆನ್-ಕಾಂಗ್ ಅವಳನ್ನು ಕೇಳಿದ.

“ಹೋಗೋರು ಹೋಗ್ತಾರೆ. ಉಸಿರುಗಟ್ಟಿ ಒದ್ದಾಡಿಕೊಂಡು ಯಾಕೆ ಹೋಗ್ಬೇಕು? ಡಾಕ್ಟರನ್ನ ಕೇಳ್ಕೊಂಡೇ ತಂದಿದೀನಿ,” ಎಂದಳು ಜ್ಯೆನ್.

ಎಲ್ಲರೂ ಮಂಡಿಯೂರಿ ಕಾದರು. ನಾನೂ ಕಾದೆ. ಮಂತ್ರ ಮುಗಿಯಿತು, ಮತ್ತೆ ಮೊದಲಿಂದ ಶುರುವಾಯಿತು. ಮಕ್ಕಳ ಮಂಡಿ ಸೋತವು, ನನ್ನ ಉಸಿರು ಸೋಲಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ. ಪ್ರಾಣ ಹೋದಮೇಲೆ ನನ್ನ ಕಾಲ ಬುಡದಲ್ಲಿಡಲೆಂದು ಸೊಸೆ ಬೇಯಲಿಟ್ಟ ಅನ್ನ! ಮೂವತ್ತು ವರ್ಷ ಗಂಜಿ ಕಾಯಿಸಿದವಳು ಇದನ್ನು ಹೇಗೆ ಸಹಿಸಲಿ? ಮುಖವಾಡವನ್ನು ಓರೆ ಮಾಡಿ, ಇದ್ದ ಗಾಳಿಯನ್ನೆಲ್ಲ ಒಟ್ಟುಗೂಡಿಸಿ ಅಂದೆ: “ಒಲೆ ಆರಿಸ್ರೇ, ತಳ ಹಿಡೀತಿದೆ!”

ಸೊಸೆ ಕಿರುಚಿದಳು. ಮಗ ಅತ್ತ. ಜ್ಯೆನ್ ನಕ್ಕಳು. ಸಂಸ್ಕಾರದವನು ಮಾತ್ರ ಲೋಟ ಕೆಳಗಿಟ್ಟು, ಗೋಡೆಗೆ ತನ್ನ ವಿಳಾಸದ ಚೀಟಿ ಸಿಕ್ಕಿಸಿ, “ಪರವಾಗಿಲ್ಲಮ್ಮಾ, ನಮ್ಗೇನೂ ಅವಸರ ಇಲ್ಲ” ಎಂದು ಹೊರಟ. ಅವನೊಬ್ಬ ಸಭ್ಯ.

ಜ್ವರ ಇಳಿಯಿತು, ಮೂತ್ರಪಿಂಡ ಕೆಲಸಕ್ಕೆ ಮರಳಿತು, ಮುಖವಾಡ ಮೊದಲು ಹಗಲಿಗೆ ಬೇಡವಾಯಿತು, ಆಮೇಲೆ ರಾತ್ರಿಗೂ ಬೇಡವಾಯಿತು. ತಮ್ಮ ಆಸ್ಪತ್ರೆಯ ನೆಲಮಹಡಿಯಲ್ಲೇ ನನಗೆ ಪ್ರತಿ ತಿಂಗಳು ಔಷಧಿ ಕೊಡುತ್ತಾರೆ, ರಕ್ತ ತೆಗೆಯುತ್ತಾರೆ. ಹೆಣದಿಂದ ಯಾರೂ ರಕ್ತ ತೆಗೆಯುವುದಿಲ್ಲ ಎಂದು ನಾನು ನೆಮ್ಮದಿಯಿಂದಿದ್ದೆ. ನಮ್ಮ ಮಾತಿನಲ್ಲಿ ನಾಲ್ಕು ಎಂದರೆ ಸಾವು ಎಂದಂತೆ ಕೇಳಿಸುತ್ತದೆಂದು ಲಿಫ್ಟಿನಿಂದ ನಾಲ್ಕನೆಯ ಮಹಡಿಯನ್ನೇ ಕಿತ್ತುಹಾಕಿದ ಆಸ್ಪತ್ರೆ ತಮ್ಮದು. ಅಷ್ಟು ಸೂಕ್ಷ್ಮ ಮನಸ್ಸಿನವರು, ಕೆಳಗೆ ಔಷಧಿ ನುಂಗುತ್ತಿರುವವಳನ್ನು ಮೇಲೆ ಕೊಂದು ಕೂತಿದ್ದಾರೆಂದು ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಾಗಿದ್ದು ಯೂ-ಯೆಯಿಂದ. ಲಾಯ್ ಯೂ-ಯೆ ನನ್ನ ಪಕ್ಕದ ಅಂಗಡಿಯವಳು, ಮೀನುಂಡೆ ಮಾರುತ್ತಾಳೆ. ಅವಳ ಬೆಂಚು ನನ್ನ ಜಾಗಕ್ಕೆ ಒಂದು ಗೇಣು ಬಂದಿದೆಯೋ ಇಲ್ಲವೋ ಎಂಬುದೇ ನಮ್ಮ ಆಜನ್ಮ ವ್ಯಾಜ್ಯ. ಜಗಳವಾಡದ ದಿನ ಇಬ್ಬರಿಗೂ ಊಟ ಸೇರುವುದಿಲ್ಲ. ಈಗ ಅವಳೂ ತಮ್ಮ ಘಟಕದಲ್ಲಿದ್ದಾಳೆ, ಬಾಯಲ್ಲಿ ಕೊಳವೆ. ಹೋದ ವಾರ ಸೇಬು ಹಿಡಿದು ನೋಡಲು ಹೋದೆ. ಹಾಸಿಗೆಯ ಪಕ್ಕದಲ್ಲೇ ತಮ್ಮ ಕಿರಿಯ ಡಾಕ್ಟರು ಅವಳ ಮಗನಿಗೆ ವಿವರಿಸುತ್ತಿದ್ದರು: “ಗಂಟಲಿಗೆ ರಂಧ್ರ ಮಾಡಿ ಯಂತ್ರದ ಮೇಲೇ ಇಡಬಹುದು. ಕೊಳವೆ ತೆಗೆದು ಮುಖವಾಡ ಹಾಕೋದೂ ಒಂದು ದಾರಿ. ಆದ್ರೆ ನಮ್ಮ ಅಧ್ಯಯನದಲ್ಲಿ ಎಪ್ಪತ್ತು ದಾಟಿ, ಒಮ್ಮೆ ಕೊಳವೆ ತೆಗೆದು ಸೋತು ಮುಖವಾಡದ ಗುಂಪಿಗೆ ಬಂದೋರಲ್ಲಿ ಒಬ್ರೂ ಉಳಿದಿಲ್ಲ.”

“ಒಬ್ರೂ ಇಲ್ವಾ?” ಎಂದ ಅವಳ ಮಗ.

“ಹಾಗಾದ್ರೆ ನಾನ್ಯಾರಪ್ಪಾ?” ಎಂದು ಕೇಳಿದೆ ನಾನು.

ಡಾಕ್ಟರು ತಿರುಗಿದರು. ಪಾಪ, ಒಳ್ಳೆಯ ಹುಡುಗ. ಕಂಪ್ಯೂಟರಿನಲ್ಲಿ ಹುಡುಕಿ, ನನ್ನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದರು. “ಅಜ್ಜಿ, ನೀವು ಬದುಕಿದೀರಿ, ನಿಜ. ಆದ್ರೆ ಅಧ್ಯಯನದಲ್ಲಿ... ನೋಡಿ, ಗಂಭೀರ ಸ್ಥಿತೀಲಿ ಮನೆಗೆ ಹೋದೋರನ್ನ ಆವತ್ತೇ ತೀರಿಕೊಂಡರು ಅಂತ ಬರ್ಕೊಳ್ಳೋದು ನಿಯಮ.”

“ಯಾರಾದ್ರೂ ನಮ್ಮನೆಗೆ ಒಂದು ಫೋನ್ ಮಾಡಿ ಕೇಳಿದ್ರಾ?”

“ಅಜ್ಜಿ, ಸಾವಾದ ಮನೆಗೆ ಫೋನ್ ಮಾಡಿ ಸತ್ತರಾ ಅಂತ ಹೇಗೆ ಕೇಳೋದು?”

ನೋಡಿದಿರಾ, ಎಂಥ ಸಂಸ್ಕಾರವಂತರು! ಇದನ್ನೇ ತಮ್ಮ ಕಚೇರಿಗೆ ಬರೆದು ಕೇಳಿದಾಗ ಬಂದ ಉತ್ತರ ಇನ್ನೂ ಸೊಗಸಾಗಿತ್ತು: ನಿಯಮವನ್ನು ಮೊದಲೇ ನಿಗದಿಪಡಿಸಲಾಗಿದೆ, ನಡುವೆ ಬದಲಿಸಿದರೆ ಫಲಿತಾಂಶದ ಶುದ್ಧತೆ ಕೆಡುತ್ತದೆ, ತಮ್ಮ ಆರೋಗ್ಯಕ್ಕೆ ಶುಭ ಹಾರೈಕೆಗಳು. ಸತ್ತವಳ ಆರೋಗ್ಯಕ್ಕೆ ಶುಭ ಹಾರೈಸಿದ ಮೊದಲ ಕಚೇರಿ ತಮ್ಮದೇ ಇರಬೇಕು.

ನಿಯಮ ಸುಳ್ಳೆಂದು ನಾನು ಹೇಳುತ್ತಿಲ್ಲ. ಹಾಗೆ ಮನೆಗೆ ಹೋದವರು ಹೆಚ್ಚುಕಡಿಮೆ ಎಲ್ಲರೂ ಹೋಗಿಯೇ ಬಿಡುತ್ತಾರೆ. ಎಷ್ಟೋ ಮಂದಿ ಆಸ್ಪತ್ರೆಯಲ್ಲೇ ಹೋಗಿರುತ್ತಾರೆ. ಆದರೂ ನರ್ಸು, ಡ್ರೈವರ್, ಮಕ್ಕಳು ಎಲ್ಲರೂ ಸೇರಿ “ಉಸಿರಿದೆ, ಉಸಿರಿದೆ” ಎನ್ನುತ್ತಾ ಮನೆಗೆ ತಲುಪಿಸುತ್ತಾರೆ. ಸತ್ತವರಿಗೂ ಉಸಿರಿದೆ ಎಂದು ದಾರಿಯುದ್ದಕ್ಕೂ ನಂಬುವ ಊರಿದು. ಇಂಥ ಊರಲ್ಲಿ ಉಸಿರಿದ್ದವಳನ್ನು ಸತ್ತಳೆಂದು ನಂಬುವವರು ನೀವೊಬ್ಬರೇ. ನಮ್ಮ ಬೀದಿಯ ದೇವಸ್ಥಾನದಲ್ಲಿ ಮರದ ಬಿಲ್ಲೆ ಎಸೆದು ದೇವರ ಅಪ್ಪಣೆ ಕೇಳುತ್ತೇವೆ. ಒಂದು ಸಲ ‘ಹೌದು’ ಎಂದು ಬಿದ್ದರೆ ಸಾಲದು, ದೊಡ್ಡ ವಿಷಯವಾದರೆ ಮೂರು ಸಲವೂ ಹಾಗೆಯೇ ಬೀಳಬೇಕು. ದೇವರೇ ಮತ್ತೆ ಮತ್ತೆ ಕೇಳಿಸಿಕೊಂಡು ಬೇಸರಪಡುವುದಿಲ್ಲ. ತಮ್ಮ ವಿಭಾಗ ದೇವರಿಗಿಂತ ಖಚಿತವೇ?

ನನ್ನ ಹೆಸರು ಬೊಂಗ್‌ಛಿ. ಸಾಲಾಗಿ ಹೆಣ್ಣು ಹುಟ್ಟಿ ಬೇಸತ್ತ ನನ್ನಪ್ಪ “ಹೇಗೂ ಬಂದಾಯ್ತಲ್ಲ, ಸಾಕೋಣ” ಎಂಬರ್ಥದಲ್ಲಿ ಇಟ್ಟ ಹೆಸರದು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಸ್ಥಿತಿ ನನಗೆ ಹೊಸದಲ್ಲ. ಆದರೆ ಆ ಅಪ್ಪ ಕೂಡ ಊಟಕ್ಕೆ ಬಟ್ಟಲಿಡುವಾಗ ತಲೆ ಎಣಿಸುತ್ತಿದ್ದ.

ಮುಖವಾಡವೇ ನನ್ನನ್ನು ಉಳಿಸಿತು ಎಂದೂ ನಾನು ವಾದಿಸುವುದಿಲ್ಲ. ನನ್ನ ಹಟ ಉಳಿಸಿರಬಹುದು, ಸೀದ ಅನ್ನ ಉಳಿಸಿರಬಹುದು. ಒಬ್ಬಳಿಂದ ಏನೂ ಸಾಬೀತಾಗದು ಎಂದು ಜ್ಯೆನ್ ಕೂಡ ಹೇಳುತ್ತಾಳೆ. ಆದ್ದರಿಂದಲೇ ಎಲ್ಲ ಮನೆಗಳಿಗೂ ಫೋನ್ ಮಾಡಿ. ಬರೀ ಆಮ್ಲಜನಕದ ಗುಂಪಿನವರಿಗೂ ಮಾಡಿ. ಅಲ್ಲಿ ಹತ್ತು ಮಂದಿ ಬದುಕಿ ಕೂತಿದ್ದರೆ ಮುಖವಾಡ ಸೋಲಲಿ, ನಾನು ಚಪ್ಪಾಳೆ ತಟ್ಟುತ್ತೇನೆ. ಕೇಳಲು ಸಂಕೋಚವಾದರೆ ನಾನೇ ಬಂದು ಕೇಳುತ್ತೇನೆ. “ನಮಸ್ಕಾರ, ನಾನೂ ನಿಮ್ಮ ಹಾಗೇ ಸತ್ತವಳು” ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಶುದ್ಧತೆಯ ಚಿಂತೆಯಿದ್ದರೆ ತಮ್ಮ ನಿಯಮದ ಲೆಕ್ಕವನ್ನು ಹಾಗೆಯೇ ಇಟ್ಟು ಪಕ್ಕದಲ್ಲಿ ನಿಜದ ಲೆಕ್ಕವನ್ನೂ ಬರೆಯಿರಿ. ಜಾಗ ಸಾಲದೇನು?

ಆದರೆ ಅದಕ್ಕೆಲ್ಲ ಸಮಯ ಬೇಕು, ಯೂ-ಯೆಗೆ ಅಷ್ಟು ಸಮಯವಿಲ್ಲ. ಬರುವ ಸೋಮವಾರ ಅವಳ ಮಗ ತಮ್ಮ ಮುಂದೆ ಕೂತು ನಿರ್ಧರಿಸಬೇಕು. ಅವನಿಗೆ ಈಗ ಗೊತ್ತಿರುವುದು ತಮ್ಮ ಸೊನ್ನೆ ಮಾತ್ರ. ನಾನು ಎದುರು ನಿಂತರೂ “ಅತ್ತೆ, ನೀವು ಅದೃಷ್ಟವಂತರು, ಅಂಕಿ ಬೇರೆ ಹೇಳುತ್ತಲ್ಲ” ಎನ್ನುತ್ತಾನೆ. ಅಂಕಿ ಹೇಳುವುದಿಲ್ಲ ಮಾನ್ಯರೇ, ಅಂಕಿಯಿಂದ ನೀವು ಹೇಳಿಸುತ್ತಿದ್ದೀರಿ. ಮೊನ್ನೆ ಅವಳ ಕಿವಿಯ ಬಳಿ ಬಾಗಿ ಕೇಳಿದೆ: “ಏ ಗೇಣುಗಳ್ಳಿ, ಎಲ್ಲ ಕೇಳಿಸ್ಕೊಂಡೆ ತಾನೆ? ಆ ದೊಡ್ಡ ಡಾಕ್ಟರಿಗೆ ಏನಂತ ಬರೀಲಿ?” ಅವಳು ನನ್ನ ಮುಷ್ಟಿ ಬಿಡಿಸಿ, ಅಂಗೈ ಮೇಲೆ ಬೆರಳಿನಿಂದ ಒಂದು ಅಡ್ಡಗೆರೆ ಎಳೆದಳು. ನಮ್ಮ ಬರಹದಲ್ಲಿ ಒಂದು ಎಂದರೆ ಅಷ್ಟೇ. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೋಮವಾರ ಆ ಹುಡುಗನಿಗೆ “ಒಬ್ಬರೂ ಉಳಿದಿಲ್ಲ” ಎನ್ನಬೇಡಿ. “ಒಬ್ಬಳು ಉಳಿದಿದ್ದಾಳೆ” ಎನ್ನಿ. ಆಮೇಲೆ ಅವನು ಗಂಟಲಿನ ರಂಧ್ರವನ್ನೇ ಆರಿಸಲಿ, ಮನೆಗೇ ಕರೆದೊಯ್ಯಲಿ, ಅದು ಅವನ ತಾಯಿಯ ವಿಷಯ. ನಿಜ ಕೇಳಿ ಆರಿಸಲಿ. ನಂಬದಿದ್ದರೆ ಬಾಗಿಲು ತೆಗೆದು ತೋರಿಸಿ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ.

ಇಂತಿ,
ತಮ್ಮ ಅಧ್ಯಯನದಲ್ಲಿ ದಿವಂಗತೆಯೂ
ಉಳಿದೆಲ್ಲ ಕಡೆ ಹಾಜರಿರುವವಳೂ ಆದ
ತೂ ಬೊಂಗ್‌ಛಿ