ಈ ಕಡೆಗಾ, ಆ ಕಡೆಗಾ

ಅಪ್ಪಾ,

ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಹಾಗಾಗಿ ಇದಕ್ಕೆ ವಿಳಾಸವೂ ಇಲ್ಲ. ಆದರೂ ಇವತ್ತಿನ ಸುದ್ದಿಯನ್ನ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು ನನಗೆ ಈಜು ಕಲಿಸಿದ ಹೊಳೆಯ ಪಾರ್ಕಿಗೆ ನಿನ್ನ ಮೊಮ್ಮಗಳನ್ನ ಕರೆದುಕೊಂಡು ಹೋಗಿದ್ದೆ. ನಿನ್ನ ಹಾಗೇ, ಅವಳ ಕಾಲೂ ಒಂದು ಕಡೆ ನಿಲ್ಲೋದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಬಾಡಿಗೆ ದೋಣಿಯಲ್ಲಿ ಒಬ್ಬಳೇ ಹುಟ್ಟು ಹಾಕುತ್ತಿದ್ದವಳು ನಡುನೀರಿನಿಂದ, "ಅಮ್ಮಾ, ಬರ್ತೀನಿ!" ಅಂತ ಕೂಗಿದಳು. ವಾಪಸ್ ಬರ್ತಾಳೆ ಅಂದುಕೊಂಡು ನಾನು ಟವೆಲ್ ಬಿಡಿಸಿ ಹಿಡಿದು ದಡದಲ್ಲಿ ನಿಂತೆ. ದೋಣಿ ತಿರುವಿನಾಚೆ ಮರೆಯಾಯ್ತು.

ಎಷ್ಟು ಕೂಗಿದರೂ ಉತ್ತರವಿಲ್ಲ. ಹೊತ್ತು ಮುಳುಗುತ್ತಾ ನೀರು ಬೇರೆ ಕೆಂಪಗಾಗತೊಡಗಿತ್ತು. ಪಾರ್ಕಿನ ಕಾವಲಿನವನ ಹತ್ತಿರ ಓಡಿದೆ.

"ಏನು ಹೇಳಿ ಹೋದ್ಲು?"

"ಬರ್ತೀನಿ ಅಂದ್ಲು."

"ಈ ಕಡೆಗಾ, ಆ ಕಡೆಗಾ? ಹೋಗೋರೂ ಹಾಗೇ ತಾನೇ ಅನ್ನೋದು!"

ಅವನು ಮೋಟಾರ್ ದೋಣಿ ಬಿಚ್ಚುವಷ್ಟರಲ್ಲಿ ಮಹಾರಾಯ್ತಿ ಹುಟ್ಟನ್ನ ಹೆಗಲಿಗೇರಿಸಿಕೊಂಡು ದಡದ ಕಾಲುದಾರಿಯಲ್ಲಿ ನಡೆದು ಬಂದಳು. ಸೆಳೆತಕ್ಕೆ ಎದುರಾಗಿ ಬರೋಕಾಗದೆ, ದೋಣಿಯನ್ನ ಕೆಳಗೊಂದು ಮರಕ್ಕೆ ಕಟ್ಟಿದ್ದಳಂತೆ.

"ಹೇಳೇ ಹೋದ್ನಲ್ಲಮ್ಮ, ಬರ್ತೀನಿ ಅಂತ!"

ಬೈದೆ, ತಬ್ಬಿಕೊಂಡೆ, ಮತ್ತೆ ಬೈದೆ.

ಈಗ ಪಕ್ಕದ ಕೋಣೆಯಲ್ಲಿ ಹಾಡಿಕೊಳ್ತಾ ತಲೆ ಒರೆಸಿಕೊಳ್ತಿದ್ದಾಳೆ. ಹಾಡು ನಿಂತರೆ ಸಾಕು, ಪೆನ್ನು ಬಿಟ್ಟು ಎದ್ದು ಹೋಗಿ ನೋಡಿ ಬರ್ತೀನಿ.

ಕಡೆಯ ಸಲ ಮನೆಯಿಂದ ಹೊರಟ ಆವತ್ತು ನೀನೂ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ತಾ "ಬರ್ತೀನಮ್ಮಾ" ಅಂದಿದ್ದೆ. ನಾನು ಫೋನಿನಿಂದ ತಲೆ ಎತ್ತದೆ "ಹೂಂ" ಅಂದಿದ್ದೆ.

ಅಪ್ಪಾ, ಈ ಕಡೆಗಾ, ಆ ಕಡೆಗಾ?